ಕೋಳಿಗೂಡಿನ ಧರ್ಮಜಿಜ್ಞಾಸೆ

ಮನೆಯ ಹಿತ್ತಲಿನಲ್ಲಿ ಹತ್ತಿಪ್ಪತ್ತು ಕೋಳಿಗಳಿಗಾಗಿ ಕಟ್ಟುವ ಗೂಡು ಮನುಷ್ಯ ನಿರ್ಮಿಸುವ ಕಟ್ಟಡಗಳಲ್ಲಿ ತೀರ ಸಣ್ಣದಾದರೂ, ಭಾರತದ ಧರ್ಮಚಿಂತನೆ ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಎದುರಿಸುತ್ತ ಬಂದಿರುವ ಒಂದು ಕಠಿಣ ಪ್ರಶ್ನೆ ಅದರೊಳಗೆ ಅಡಗಿದೆ. ಗೂಡನ್ನು ಕಟ್ಟಿದ ಕೈ ಮುಂಗುಸಿ, ಕಾಡುಬೆಕ್ಕು, ಬೀದಿನಾಯಿಗಳಿಂದ ಕೋಳಿಯನ್ನು ರಾತ್ರಿಯಿಡೀ ಕಾಪಾಡುತ್ತದೆ. ಹಬ್ಬಕ್ಕೋ ನೆಂಟರ ಊಟಕ್ಕೋ ಒಂದು ದಿನ ಅದೇ ಗೂಡಿನ ಬಾಗಿಲು ತೆರೆದು ಕೋಳಿಯ ಕಾಲು ಹಿಡಿಯುವುದೂ ಅದೇ ಕೈ. ಹೀಗಿರುವಾಗ ಆ ಗೂಡನ್ನು ಆಶ್ರಯವೆನ್ನಬೇಕೋ, ಬೇಕಾದಾಗ ತೆಗೆದುಕೊಳ್ಳಲೆಂದು ಇಟ್ಟುಕೊಂಡ ಉಗ್ರಾಣವೆನ್ನಬೇಕೋ, ಕಾಪಾಡಿದ್ದರಿಂದ ಕೊಲ್ಲುವ ಅಧಿಕಾರ ಬರುತ್ತದೆಯೋ ಅಥವಾ ಕಾಪಾಡಿದ್ದರಿಂದಲೇ ಆ ಅಧಿಕಾರ ಕಳೆದುಹೋಗುತ್ತದೆಯೋ ಎಂಬುದನ್ನು ವಿಚಾರಿಸುವುದು ಈ ಪ್ರಬಂಧದ ಉದ್ದೇಶ.

ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ ಎಂಬ ಗಾದೆ ಕನ್ನಡ ನಾಡಿನ ಎಲ್ಲ ಕಡೆಯಲ್ಲೂ ಕೇಳಿಬರುತ್ತದೆ. ದುರ್ಬಲರ ಒಪ್ಪಿಗೆ ಇಲ್ಲದೆ ಅವರ ಬಗ್ಗೆ ತೀರ್ಮಾನ ಮಾಡುವುದನ್ನು ಹೇಳಲು ಜನ ಇದನ್ನು ಬಳಸುತ್ತಾರಾದರೂ, ಗಾದೆಯ ಮೂಲದಲ್ಲಿರುವ ಸಂಗತಿಯೇ ಇಲ್ಲಿನ ಚರ್ಚೆಯ ವಸ್ತು. ಕೋಳಿಯನ್ನು ಸಾಕುವುದರಲ್ಲಿ ಅದರ ಒಪ್ಪಿಗೆ ಇಲ್ಲದ ಕೆಲಸಗಳು ಎರಡಿವೆ: ಒಂದು ಕೂಡಿಹಾಕುವುದು, ಇನ್ನೊಂದು ಕೊಲ್ಲುವುದು. ಸಾಮಾನ್ಯವಾಗಿ ಇವೆರಡನ್ನೂ ಒಂದೇ ಪಾಪವೆಂದು ತಳ್ಳಿಹಾಕುವವರೂ, ಒಂದೇ ರೂಢಿಯೆಂದು ಒಪ್ಪಿಬಿಡುವವರೂ ಕಾಣಸಿಗುತ್ತಾರೆ. ಆದರೆ ಇವು ಬೇರೆಬೇರೆ ಪ್ರಶ್ನೆಗಳಾಗಿದ್ದು, ಮೊದಲನೆಯದಕ್ಕೆ ಒಳ್ಳೆಯ ಗೂಡು ನ್ಯಾಯವಾದ ಉತ್ತರ ಕೊಡಬಲ್ಲದು, ಎರಡನೆಯದಕ್ಕೆ ಎಂಥ ಒಳ್ಳೆಯ ಗೂಡೂ ಉತ್ತರವಾಗಲಾರದು ಎಂಬುದೇ ಮುಂದಿನ ವಿವೇಚನೆಯಿಂದ ಮೂಡುವ ನಿಲುವು.

ಗೂಡಿನ ಅಗತ್ಯ ಎಲ್ಲಿಂದ ಬಂತೆಂಬುದನ್ನು ತಿಳಿಯಲು ಕೋಳಿಯ ಮೂಲವನ್ನು ನೋಡಬೇಕು. ಸಾಕುಕೋಳಿಯ ಮುಖ್ಯ ಪೂರ್ವಜ ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಕಾಡುಗಳಲ್ಲಿರುವ ಕೆಂಪು ಕಾಡುಕೋಳಿ. ಪಶ್ಚಿಮ ಘಟ್ಟಗಳಲ್ಲಿ ಇಂದಿಗೂ ಕೂಗುವ ಬೂದು ಕಾಡುಕೋಳಿಯ ಅಂಶವೂ ಅದರಲ್ಲಿ ಬೆರೆತಿದ್ದು, ಅನೇಕ ಸಾಕುಕೋಳಿಗಳ ಹಳದಿ ಚರ್ಮಕ್ಕೆ ಕಾರಣವಾದ ವಂಶವಾಹಿ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಈ ಪಕ್ಷಿಗಳು ಹಗಲಿಡೀ ನೆಲ ಕೆದಕಿ ಕಾಳು, ಹುಳ, ಗೆದ್ದಲುಗಳನ್ನು ಹೆಕ್ಕಿ, ಕತ್ತಲಾಗುತ್ತಿದ್ದಂತೆ ಮರದ ಕೊಂಬೆಗೆ ಹಾರಿ ಕೂರುತ್ತವೆ, ಏಕೆಂದರೆ ಕತ್ತಲೆಯಲ್ಲಿ ಅವುಗಳ ಕಣ್ಣು ಮಂದವಾಗುವುದರಿಂದ ನೆಲದ ಮೇಲೆ ಉಳಿದ ಕೋಳಿ ಬೇಟೆಯ ಪ್ರಾಣಿಗೆ ಸುಲಭವಾದ ತುತ್ತಾಗುತ್ತದೆ. ಮೈಸೂರು ಸೀಮೆಯಲ್ಲಿ ನಾಟಿ ಕೋಳಿಯೆಂದೂ ಉತ್ತರ ಕರ್ನಾಟಕದಲ್ಲಿ ಜವಾರಿ ಕೋಳಿಯೆಂದೂ ಕರೆಯುವ ಊರಕೋಳಿಗಳು ಈ ಸ್ವಭಾವವನ್ನು ಇಂದಿಗೂ ಉಳಿಸಿಕೊಂಡಿದ್ದು, ಗೂಡು ಇಲ್ಲದ ಮನೆಗಳಲ್ಲಿ ಹಿತ್ತಲ ಹಲಸಿನ ಮರವನ್ನೋ ಹುಣಸೆ ಮರವನ್ನೋ ಹತ್ತುತ್ತವೆ. ಮೊಟ್ಟೆ ಮತ್ತು ಮಾಂಸಕ್ಕಾಗಿ ಮೈ ಬೆಳೆಯುವಂತೆ ಆರಿಸಿ ಬೆಳೆಸಿದ ತಳಿಗಳಿಗೆ ಅಷ್ಟು ಎತ್ತರ ಹಾರುವ ಶಕ್ತಿ ಉಳಿದಿಲ್ಲ. ಮರವನ್ನು ಹತ್ತಲಾರದಂತೆ ಪಕ್ಷಿಯ ಮೈಯನ್ನು ಬದಲಾಯಿಸಿದ ಮನುಷ್ಯನೇ ಮರಕ್ಕೆ ಬದಲಾಗಿ ಬೇರೊಂದು ಎತ್ತರದ ನೆಲೆಯನ್ನು ಕೊಡಬೇಕಾಗುತ್ತದೆ. ಆದ್ದರಿಂದ ಗೂಡು ಸಾಕುವವನು ಕೋಳಿಗೆ ಮಾಡುವ ಉಪಕಾರಕ್ಕಿಂತ ಹೆಚ್ಚಾಗಿ ಅವನು ತೀರಿಸಬೇಕಾದ ಋಣವಾಗಿದೆ.

ಪ್ರಾಣಿಗಳನ್ನು ಇಟ್ಟುಕೊಳ್ಳುವ ಗೃಹಸ್ಥನ ಹೊಣೆಯನ್ನು ಅತ್ಯಂತ ಸೂಕ್ಷ್ಮವಾಗಿ ವಿಚಾರಿಸಿದ ಪರಂಪರೆಗಳಲ್ಲಿ ಜೈನ ಧರ್ಮ ಮುಖ್ಯವಾದದ್ದು. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಗೃಹಸ್ಥನ ಅಹಿಂಸಾಣುವ್ರತಕ್ಕೆ, ಅಂದರೆ ಸಂಸಾರದಲ್ಲಿದ್ದುಕೊಂಡೇ ಪಾಲಿಸಬಹುದಾದ ಅಹಿಂಸೆಯ ಕಿರುವ್ರತಕ್ಕೆ, ಐದು ಅತಿಚಾರಗಳನ್ನು ಹೇಳುತ್ತದೆ. ಅತಿಚಾರವೆಂದರೆ ವ್ರತವನ್ನು ಪೂರ್ತಿಯಾಗಿ ಮುರಿಯದೆಯೂ ಅದನ್ನು ಕೆಡಿಸುವ ದೋಷ. ಬಂಧ ಅಂದರೆ ಕಟ್ಟಿಹಾಕುವುದು, ವಧ ಅಂದರೆ ಹೊಡೆಯುವುದು, ಛೇದ ಅಂದರೆ ಅಂಗವನ್ನು ಕತ್ತರಿಸುವುದು, ಅತಿಭಾರಾರೋಪಣ ಅಂದರೆ ಶಕ್ತಿಗೆ ಮೀರಿದ ಹೊರೆ ಹೊರಿಸುವುದು, ಅನ್ನಪಾನನಿರೋಧ ಅಂದರೆ ತಿನ್ನಲು ಕುಡಿಯಲು ಕೊಡದಿರುವುದು: ಇವೇ ಆ ಐದು. ಇವುಗಳಲ್ಲಿ ಒಂದೂ ಕೊಲೆಯಲ್ಲ, ಏಕೆಂದರೆ ಕೊಲ್ಲುವುದು ವ್ರತದ ನೇರ ಭಂಗವೇ ಆಗುತ್ತದೆ. ಕೊಲ್ಲದೆಯೇ ಸಾಕುಪ್ರಾಣಿಗೆ ಎಷ್ಟು ಬಗೆಯ ಅನ್ಯಾಯ ಮಾಡಬಹುದೆಂಬುದನ್ನು ಈ ಪಟ್ಟಿ ಗುರುತಿಸುತ್ತದೆ. ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನ ಬರೆದ, ಕರ್ನಾಟಕದ ಜೈನ ಪರಂಪರೆ ಬಹುವಾಗಿ ಗೌರವಿಸುವ ಆಚಾರ್ಯ ಪೂಜ್ಯಪಾದರು, ಜೀವಿಯೊಂದು ತನಗೆ ಬೇಕಾದ ಕಡೆಗೆ ಹೋಗುವುದನ್ನು ತಡೆಯುವುದಕ್ಕೆ ಕಾರಣವಾದದ್ದೇ ಬಂಧವೆಂದು ವಿವರಿಸಿದ್ದಾರೆ.

ಈ ವಿವರಣೆ ಕೋಳಿಗೂಡಿನ ಪ್ರಶ್ನೆಗೆ ಸ್ಪಷ್ಟವಾದ ಅಳತೆಗೋಲನ್ನು ಒದಗಿಸುತ್ತದೆ. ಬಂಧ ಎಂಬುದು ಗೋಡೆಯಿಂದಲೋ ಚಿಲಕದಿಂದಲೋ ನಿರ್ಧಾರವಾಗುವುದಿಲ್ಲ, ಒಳಗಿರುವ ಜೀವಿ ಆ ಹೊತ್ತಿನಲ್ಲಿ ಎಲ್ಲಿಗೆ ಹೋಗಲು ಬಯಸುತ್ತದೆ ಎಂಬುದರಿಂದ ನಿರ್ಧಾರವಾಗುತ್ತದೆ. ಸಂಜೆಯಾದಾಗ ಕೋಳಿ ಬಯಸುವುದು ಎತ್ತರದ, ಮರೆಯುಳ್ಳ, ತನ್ನ ಗುಂಪಿನೊಂದಿಗೆ ಕೂರಬಹುದಾದ ನೆಲೆಯನ್ನು. ಆ ನೆಲೆ ಗೂಡಿನೊಳಗೆ ಇದ್ದರೆ ಅದು ಯಾರೂ ಅಟ್ಟದೆ ತಾನಾಗಿಯೇ ಬಂದು ಸೇರುತ್ತದೆ. ಹಾಗೆ ಬಂದು ಕೂತ ಮೇಲೆ ಹಾಕಿದ ಬಾಗಿಲು ಕೋಳಿಯ ಬಯಕೆಗೆ ಅಡ್ಡಿಯಾಗುವುದಿಲ್ಲ, ಅದು ಅಡ್ಡಿಯಾಗುವುದು ಹೊರಗಿನಿಂದ ಬರುವ ಮುಂಗುಸಿಗೆ. ಅದೇ ಬಾಗಿಲು ಬೆಳಗಾದ ಮೇಲೂ ಮುಚ್ಚಿದ್ದರೆ, ಕೆದಕಲು ನೆಲವೂ ಹೊರಳಲು ಧೂಳೂ ಬೇಕೆನ್ನುವ ಪಕ್ಷಿಗೆ ಆ ಕ್ಷಣದಿಂದ ಬಂಧ ಆರಂಭವಾಗುತ್ತದೆ. ಹೀಗೆ ಒಂದೇ ಗೂಡು ರಾತ್ರಿ ಆಶ್ರಯವೂ ಹಗಲು ಸೆರೆಮನೆಯೂ ಆಗಬಲ್ಲದಾದ್ದರಿಂದ, ಗೂಡಿನ ಧರ್ಮಾಧರ್ಮಗಳು ಅದರ ಬಾಗಿಲು ಯಾವ ಹೊತ್ತಿನಲ್ಲಿ ಯಾರನ್ನು ತಡೆಯುತ್ತದೆ ಎಂಬುದನ್ನು ಅವಲಂಬಿಸಿವೆ. ಬಾಗಿಲು ತೆರೆದಿಟ್ಟರೂ ಕೋಳಿಗಳು ಸಂಜೆ ಮರಳಿ ಬರುವ ಗೂಡೇ ನ್ಯಾಯವಾದ ಗೂಡು.

ಈ ತತ್ತ್ವವನ್ನು ಒಪ್ಪಿಕೊಂಡರೆ ಗೂಡು ಕಟ್ಟುವ ತಾಂತ್ರಿಕ ವಿವರಗಳೆಲ್ಲ ನೀತಿಯ ವಿವರಗಳೂ ಆಗಿಬಿಡುತ್ತವೆ. ಪೇಟೆಯಲ್ಲಿ ಅಗ್ಗವಾಗಿ ಸಿಗುವ ಆರು ಮೂಲೆಯ ಕಣ್ಣುಗಳುಳ್ಳ ತೆಳು ತಂತಿಯ ಬಲೆ ಕೋಳಿಯನ್ನು ಒಳಗೆ ಹಿಡಿದಿಡಲು ಸಾಕಾಗುತ್ತದೆ, ಆದರೆ ನಾಯಿ ಅದನ್ನು ಹಲ್ಲಿನಿಂದ ಹರಿಯಬಲ್ಲದು ಮತ್ತು ಅದರ ಅಗಲವಾದ ಕಣ್ಣಿನಲ್ಲಿ ಇಲಿ, ಹಾವುಗಳು ತೂರಬಲ್ಲವು. ಅರ್ಧ ಅಂಗುಲದ ಕಣ್ಣುಗಳುಳ್ಳ ಬೆಸುಗೆಯ ಜಾಲರಿಗೆ ಬೆಲೆ ಹೆಚ್ಚು. ಅದು ಹೊರಗಿನವರನ್ನು ನಿಜವಾಗಿ ತಡೆಯುತ್ತದೆ. ಕೋಳಿಯನ್ನು ತಡೆಯುವ, ಕಳ್ಳಪ್ರಾಣಿಯನ್ನು ತಡೆಯದ ಬಲೆಯನ್ನು ಆರಿಸಿದವನು ತನ್ನ ಸೊತ್ತನ್ನು ಕೂಡಿಟ್ಟುಕೊಂಡಿದ್ದಾನೆಯೇ ಹೊರತು ಜೀವಿಗೆ ಆಶ್ರಯ ಕೊಟ್ಟಿಲ್ಲ. ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಕಂಬಗಳ ಮೇಲೆ ಗೂಡನ್ನು ಎತ್ತಿ ಕಟ್ಟುವುದು, ನೆಲದ ಮೇಲೇ ಇದ್ದರೆ ಹೆಗ್ಗಣ ಬಗೆದು ಬಾರದಂತೆ ಜಾಲರಿಯನ್ನು ಒಂದಡಿಯಷ್ಟು ಮಣ್ಣಿನೊಳಗೆ ಹೂಳುವುದು, ಉದ್ದದ ಬದಿಯನ್ನು ಪೂರ್ವ-ಪಶ್ಚಿಮವಾಗಿ ಇರಿಸಿ ಬಿಸಿಲು ನೇರವಾಗಿ ಒಳನುಗ್ಗದಂತೆ ನೋಡಿಕೊಳ್ಳುವುದು, ಮುಂಗಾರಿನ ಇರಚಲು ಬೀಳದಂತೆ ಮಾಡಿನ ಅಂಚನ್ನು ಮುಂದಕ್ಕೆ ಚಾಚುವುದು, ಇವೆಲ್ಲ ರಕ್ಷಣೆಯ ಮಾತನ್ನು ನಡೆಸಿಕೊಡುವ ಕ್ರಮಗಳು. ಬಿದಿರ ತಟ್ಟಿ, ಹಳೆಯ ಹಲಗೆ, ಸೋಗೆ ಅಥವಾ ಹಂಚು, ಹೀಗೆ ಮನೆಯಲ್ಲಿರುವ ಸಾಮಗ್ರಿಯಿಂದಲೇ ಇವನ್ನು ಸಾಧಿಸಬಹುದಾದ್ದರಿಂದ ಬಡತನ ಇಲ್ಲಿ ದೊಡ್ಡ ಅಡ್ಡಿಯಲ್ಲ.

ಒಳಗಿನ ಏರ್ಪಾಡಿನಲ್ಲಿ ಧರ್ಮಸೂಕ್ಷ್ಮ ಇನ್ನೂ ಹೆಚ್ಚು. ಕೋಳಿಗಳ ಗುಂಪಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಕಟ್ಟುನಿಟ್ಟಾದ ಶ್ರೇಣಿಯಿರುವುದನ್ನು 1920ರ ದಶಕದ ಆರಂಭದಲ್ಲಿ ನಾರ್ವೆಯ ವಿಜ್ಞಾನಿ ಷೆಲ್ಡೆರುಪ್-ಎಬ್ಬೆ ವಿವರಿಸಿದನು. ರಾತ್ರಿ ಕೂರುವ ಅಡ್ಡಕೋಲು ಗಿಡ್ಡವಾಗಿದ್ದರೆ ಕೆಳಗೆ ತಳ್ಳಲ್ಪಡುವುದೂ, ಮೇವಿನ ಬಾನಿ ಒಂದೇ ಇದ್ದರೆ ಹಸಿದಿರುವುದೂ ಶ್ರೇಣಿಯ ಕೊನೆಯಲ್ಲಿರುವ ದುರ್ಬಲ ಕೋಳಿಯೇ ಆಗಿರುತ್ತದೆ. ಕೋಳಿಯೊಂದಕ್ಕೆ ಎಂಟು ಅಂಗುಲದಷ್ಟು ಅಡ್ಡಕೋಲು, ನಾಲ್ಕೈದು ಹೇಟೆಗಳಿಗೆ ಒಂದರಂತೆ ಹುಲ್ಲು ಹಾಸಿದ ಮೊಟ್ಟೆಯ ಪೆಟ್ಟಿಗೆ, ಎರಡು ಕಡೆ ನೀರು ಮತ್ತು ನುಚ್ಚು ಇರಿಸುವವನು ಗುಂಪಿನ ಸರಾಸರಿಯನ್ನು ನೋಡದೆ ಕೊನೆಯ ಕೋಳಿಯನ್ನು ನೋಡಿ ಕಟ್ಟಿದಂತಾಗುತ್ತದೆ. ಗಾಳಿಯ ವಿಷಯದಲ್ಲಿಯೂ ಹಾಗೆಯೇ: ಹಿಕ್ಕೆಯಿಂದ ಏಳುವ ಅಮೋನಿಯಾ ಕೋಳಿಯ ಕಣ್ಣನ್ನೂ ಶ್ವಾಸವನ್ನೂ ಕೆಡಿಸುತ್ತದೆ, ಆದರೆ ಬಾಗಿಲಲ್ಲಿ ನಿಂತ ಮನುಷ್ಯನ ಮೂಗಿಗೆ ಅದು ತಿಳಿಯದೆ ಹೋಗಬಹುದು, ಬಗ್ಗಿ ಕೋಳಿಯ ತಲೆಯ ಮಟ್ಟದಲ್ಲಿ ಉಸಿರಾಡಿದಾಗ ಮಾತ್ರ ಅದರ ಕಾಟ ಗೊತ್ತಾಗುತ್ತದೆ. ಮೇಲ್ಭಾಗದಲ್ಲಿ ಗಾಳಿಕಿಂಡಿ, ಕೆಳಗೆ ಒಣಗಿದ ಭತ್ತದ ಹೊಟ್ಟು, ಮೂಲೆಯಲ್ಲಿ ಹೇನು ಉದುರಿಸಿಕೊಳ್ಳಲು ಬೂದಿ ಬೆರೆಸಿದ ಧೂಳು, ಆಗಾಗ ಸುಣ್ಣದ ಸಾರಣೆ, ಹಳ್ಳಿಗಳಲ್ಲಿ ಕೊಕ್ಕರೆ ರೋಗವೆನ್ನುವ ರಾಣಿಖೇತ್ ರೋಗಕ್ಕೆ ಲಸಿಕೆ: ಇಷ್ಟನ್ನು ಮಾಡುವಾಗ ಮನುಷ್ಯ ತನ್ನ ಮೈಯ ಅನುಭವವನ್ನು ಬಿಟ್ಟು ಇನ್ನೊಂದು ಮೈಯ ಅನುಭವವನ್ನು ಊಹಿಸಿಕೊಳ್ಳಬೇಕಾಗುತ್ತದೆ. ದಯೆ ಎಂಬ ಗುಣದ ಕೆಲಸ ಇದೇ.

ಗೂಡು ಕಟ್ಟುವವನ ಕೈಯಿಂದ ಆಗುವ ಹಿಂಸೆಯನ್ನೂ ಮರೆಮಾಚಬಾರದು. ಶ್ರಾವಕಾಚಾರ, ಅಂದರೆ ಜೈನ ಗೃಹಸ್ಥರ ನಡೆವಳಿಯನ್ನು ಹೇಳುವ ಶಾಸ್ತ್ರಪರಂಪರೆ, ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತದೆ. ಕೊಲ್ಲಲೇಬೇಕೆಂಬ ಸಂಕಲ್ಪದಿಂದ ಮಾಡಿದ್ದು ಸಂಕಲ್ಪೀ ಹಿಂಸೆ. ಅಡುಗೆ, ಕಟ್ಟಡ ಮೊದಲಾದ ಮನೆಗೆಲಸಗಳಲ್ಲಿ ತಪ್ಪಿಸಲಾಗದೆ ಆಗುವುದು ಆರಂಭೀ ಹಿಂಸೆ. ಬೇಸಾಯ ಮೊದಲಾದ ಜೀವನೋಪಾಯಗಳಲ್ಲಿ ಆಗುವುದು ಉದ್ಯೋಗೀ ಹಿಂಸೆ. ತನ್ನನ್ನೂ ತನ್ನವರನ್ನೂ ರಕ್ಷಿಸಿಕೊಳ್ಳಲು ಎದುರಾಳಿಗೆ ಮಾಡುವುದು ವಿರೋಧೀ ಹಿಂಸೆ. ಕಂಬ ನೆಡಲು ಗುಂಡಿ ತೋಡುವಾಗ ಸಾಯುವ ಹುಳಗಳು ಎರಡನೆಯ ಬಗೆಗೆ ಸೇರುತ್ತವೆ. ಮುಂಗುಸಿಗೆ ವಿಷವಿಡುವುದನ್ನು, ಕೇರೆಹಾವನ್ನು ಬಡಿದು ಕೊಲ್ಲುವುದನ್ನು ಜನ ನಾಲ್ಕನೆಯ ಬಗೆಯೆಂದು ಸಮರ್ಥಿಸಿಕೊಳ್ಳುತ್ತಾರೆ. ಆದರೆ ಮುಂಗುಸಿಗೆ ಕೋಳಿಯ ಮೇಲೆ ವೈರವಿಲ್ಲ, ಇರುವುದು ಹಸಿವು ಮಾತ್ರ. ಮಹಾಭಾರತದಲ್ಲಿ ಬರುವ ಶಿಬಿಯ ಕಥೆ ಈ ಇಕ್ಕಟ್ಟನ್ನೇ ಕಥಾವಸ್ತುವಾಗಿಸಿಕೊಂಡಿದೆ: ಶರಣು ಬಂದ ಪಾರಿವಾಳವನ್ನು ಬಿಟ್ಟುಕೊಡಲಾರೆನೆಂಬ ಅರಸನ ಮುಂದೆ ಗಿಡುಗ ತನ್ನ ಹಸಿವೂ ಧರ್ಮವೇ ಅಲ್ಲವೇ ಎಂದು ವಾದಿಸುತ್ತದೆ ಮತ್ತು ಆ ವಾದವನ್ನು ಅಲ್ಲಗಳೆಯಲಾರದ ಅರಸ ತನ್ನ ಮೈಯ ಮಾಂಸವನ್ನೇ ತೂಗಿಕೊಡುತ್ತಾನೆ. ಆಶ್ರಯ ಕೊಡುವವನು ಅದರ ಬೆಲೆಯನ್ನು ಮೂರನೆಯವರ ಮೇಲೆ ಹೊರಿಸದೆ ತಾನೇ ತೆರಬೇಕೆಂಬುದು ಈ ಕಥೆಯ ತಾತ್ಪರ್ಯ. ಕೋಳಿ ಸಾಕುವವನು ಶಿಬಿಯಂತೆ ಮೈ ಕೊಯ್ದುಕೊಡಬೇಕಾಗಿಲ್ಲ. ಬೋನು ಮತ್ತು ವಿಷಕ್ಕೆ ಬದಲಾಗಿ ಗಟ್ಟಿ ಜಾಲರಿಗೆ, ಭದ್ರವಾದ ಅಗುಳಿಗೆ, ಪ್ರತಿ ಸಂಜೆಯ ಎಚ್ಚರಕ್ಕೆ ಹಣ ಮತ್ತು ಶ್ರಮವನ್ನು ವ್ಯಯಿಸಿದರೆ ಕೋಳಿಯೂ ಉಳಿಯುತ್ತದೆ, ಮುಂಗುಸಿಯೂ ಉಳಿಯುತ್ತದೆ.

ಕೂಡಿಹಾಕುವವನ ಹೊಣೆಯನ್ನು ಒತ್ತಿ ಹೇಳುವುದರಲ್ಲಿ ಬೇರೆಬೇರೆ ಧರ್ಮಗಳೂ ಕಾನೂನುಗಳೂ ಬಹುಮಟ್ಟಿಗೆ ಒಂದಾಗುತ್ತವೆ. ಬೆಕ್ಕೊಂದನ್ನು ಕೂಡಿಹಾಕಿ, ತಾನೂ ಉಣಿಸದೆ, ಹೊರಗೆ ಹೋಗಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸು ದೈವದ ಶಿಕ್ಷೆಗೆ ಗುರಿಯಾದಳೆಂಬ ಪ್ರಸಂಗ ಇಸ್ಲಾಮಿನ ಹದೀಸ್ ಸಂಗ್ರಹಗಳಲ್ಲಿದೆ. ಅಶೋಕನ ಐದನೆಯ ಸ್ತಂಭಶಾಸನ, ಅವನ ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಹೊರಟ ಆಜ್ಞೆ, ಕೊಲ್ಲಬಾರದ ಪ್ರಾಣಿಗಳ ಪಟ್ಟಿಯನ್ನು ಕೊಡುವುದರ ಜೊತೆಗೆ ಹುಂಜಗಳ ಬೀಜ ತೆಗೆಯಬಾರದೆಂದು ವಿಧಿಸುತ್ತದೆ. ಕೋಳಿಸಾಕಣೆಯ ಒಂದು ಕ್ರೂರ ಪದ್ಧತಿಯನ್ನು ಹೆಸರಿಸಿ ನಿಷೇಧಿಸಿದ ಅತಿ ಹಳೆಯ ರಾಜಾಜ್ಞೆಗಳಲ್ಲಿ ಇದೊಂದು. ಬ್ರಿಟನ್ನಿನಲ್ಲಿ ರೂತ್ ಹ್ಯಾರಿಸನ್ 1964ರಲ್ಲಿ ಪ್ರಕಟಿಸಿದ ಪುಸ್ತಕದ ಪರಿಣಾಮವಾಗಿ ನೇಮಕಗೊಂಡ ಬ್ರಾಂಬೆಲ್ ಸಮಿತಿ 1965ರ ವರದಿಯಲ್ಲಿ, ಸಾಕುಪ್ರಾಣಿಗೆ ಏಳಲು, ಮಲಗಲು, ತಿರುಗಲು, ಮೈ ತೀಡಿಕೊಳ್ಳಲು, ಅಂಗಾಂಗ ಚಾಚಲು ಎಡೆಯಿರಬೇಕೆಂದು ಹೇಳಿತು. ಭಾರತದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಂ ಪ್ರಾಣಿಯ ಚಲನೆಗೆ ಸಾಕಷ್ಟು ಉದ್ದ, ಅಗಲ, ಎತ್ತರವಿಲ್ಲದ ಪಂಜರದಲ್ಲಿ ಅದನ್ನು ಇಡುವುದನ್ನು ಅಪರಾಧವೆಂದು ಪರಿಗಣಿಸುತ್ತದೆ.

ಇಷ್ಟೆಲ್ಲ ಇದ್ದರೂ ನಗರದ ಅಂಗಡಿಗಳನ್ನು ತುಂಬುವ ಮೊಟ್ಟೆಯ ಬಹುಪಾಲು ಬರುವುದು ಸಾಲುಪಂಜರಗಳಿಂದ. ಅಲ್ಲಿ ಒಂದು ಕೋಳಿಗೆ ದೊರೆಯುವ ಜಾಗ ಎ4 ಅಳತೆಯ ಕಾಗದದ ಹಾಳೆಗಿಂತ ಕಡಿಮೆಯಿರುವುದು ಸಾಮಾನ್ಯ; ಭಾರತದ ಕಾನೂನು ಆಯೋಗ 2017ರ ತನ್ನ 269ನೆಯ ವರದಿಯನ್ನು ಮೊಟ್ಟೆಕೋಳಿ ಮತ್ತು ಮಾಂಸದ ಕೋಳಿಗಳನ್ನು ಇಡುವ, ಸಾಗಿಸುವ ರೀತಿಗೇ ಮೀಸಲಿಡಬೇಕಾಯಿತು. ಯುರೋಪ್ ಒಕ್ಕೂಟವು ಬರಿಯ ಸಾಲುಪಂಜರಗಳನ್ನು 2012ರಿಂದ ನಿಷೇಧಿಸಿದೆ. ತತ್ತ್ವಾರ್ಥಸೂತ್ರದ ಐದು ಅತಿಚಾರಗಳನ್ನು ಈ ಉದ್ಯಮದ ಎದುರಿಗೆ ಇಟ್ಟು ನೋಡಿದರೆ ಅವು ಹೊಂದಿಕೊಳ್ಳುವ ರೀತಿ ಬೆರಗು ಹುಟ್ಟಿಸುವಂತಿದೆ. ರೆಕ್ಕೆ ಬಿಚ್ಚಲಾಗದ ಪಂಜರ ಬಂಧ. ಇಕ್ಕಟ್ಟಿನಲ್ಲಿ ಒಂದನ್ನೊಂದು ಕುಕ್ಕದಿರಲೆಂದು ಕೊಕ್ಕಿನ ತುದಿ ಕತ್ತರಿಸುವುದು ಛೇದ. ಹಿಡಿಯುವಾಗ, ಲಾರಿಗೆ ತುಂಬುವಾಗ ಮೂಳೆ ಮುರಿಯುವಂತೆ ಎಳೆದಾಡುವುದು ವಧ. ವಯಸ್ಸಾದ ಕೋಳಿ ಮತ್ತೆ ಮೊಟ್ಟೆಗೆ ಬರಲೆಂದು ದಿನಗಟ್ಟಲೆ ಮೇವು ತಡೆದು ಗರಿ ಉದುರಿಸುವುದು ಅನ್ನಪಾನನಿರೋಧ. ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆಯಿಡುವ ಕಾಡುಕೋಳಿಯ ಸಂತತಿಯನ್ನು 300ಕ್ಕೂ ಹೆಚ್ಚು ಮೊಟ್ಟೆಯಿಡುವಂತೆ ಮಾರ್ಪಡಿಸಿ, ಚಿಪ್ಪಿಗೆ ಬೇಕಾದ ಸುಣ್ಣದಂಶವನ್ನು ಅದರ ಮೂಳೆಯಿಂದಲೇ ಹೀರುವಂತೆ ಮಾಡಿರುವುದು ಅತಿಭಾರಾರೋಪಣವಲ್ಲದೆ ಬೇರೇನೂ ಅಲ್ಲ. ಶಾಸ್ತ್ರಕಾರರ ಕಾಲದಲ್ಲಿ ಹೊರೆ ಎತ್ತಿನ ಬೆನ್ನ ಮೇಲಿತ್ತು, ಈಗ ಅದನ್ನು ಕೋಳಿಯ ಮೈಯೊಳಗೆ ಇಡಲಾಗಿದೆ. ಇದರ ಪಕ್ಕದಲ್ಲಿ, ಹಗಲು ಹಿತ್ತಲಲ್ಲಿ ಮೇಯ್ದು, ಇಟ್ಟ ಮೊಟ್ಟೆಗಳಿಗೆ ತಾನೇ ಕಾವು ಕೂತು 21 ದಿನಗಳಲ್ಲಿ ಮರಿ ಮಾಡಿ, ರಾತ್ರಿ ಗೂಡು ಸೇರುವ ನಾಟಿ ಕೋಳಿಯ ಬಾಳು ಬಂಧದ ದೋಷದಿಂದ ಬಹುಪಾಲು ದೂರವಾಗಿದೆ. ಮೊದಲ ಪ್ರಶ್ನೆಗೆ ಒಳ್ಳೆಯ ಗೂಡು ಉತ್ತರ ಕೊಡಬಲ್ಲದೆಂಬ ಮಾತಿನ ಅರ್ಥ ಇದು.

ಎರಡನೆಯ ಪ್ರಶ್ನೆ ಇಷ್ಟಕ್ಕೆ ಬಗೆಹರಿಯುವುದಿಲ್ಲ. ಒಳ್ಳೆಯದಾಗಿ ಸಾಕಿ ಕೊಲ್ಲುವುದನ್ನು ಸಮರ್ಥಿಸುವ ವಾದಗಳಲ್ಲಿ ಅತ್ಯಂತ ಪ್ರಬಲವಾದದ್ದು ಹೀಗಿದೆ: ಮನುಷ್ಯ ತಿನ್ನದೆ ಇದ್ದಿದ್ದರೆ ಈ ಕೋಳಿ ಹುಟ್ಟುತ್ತಲೇ ಇರಲಿಲ್ಲ, ಹುಟ್ಟಿ, ಕೆಲಕಾಲ ಸುಖವಾಗಿ ಬಾಳಿ, ಕ್ಷಣದಲ್ಲಿ ಸಾಯುವುದು ಹುಟ್ಟದೇ ಇರುವುದಕ್ಕಿಂತ ಮೇಲು, ಆದ್ದರಿಂದ ತಿನ್ನುವವನೇ ಕೋಳಿಗೆ ಉಪಕಾರಿ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ವಾದ ಪ್ರಚಾರದಲ್ಲಿತ್ತು, ಗಾಂಧೀಜಿಯವರನ್ನು ವಿದ್ಯಾರ್ಥಿ ದೆಸೆಯಲ್ಲಿ ಪ್ರಭಾವಿಸಿದ ಹೆನ್ರಿ ಸಾಲ್ಟ್ ಅದನ್ನು ಖಂಡಿಸಿದನು. ಹುಟ್ಟದೇ ಇರುವ ಕೋಳಿ ಎಂಬ ವ್ಯಕ್ತಿಯೇ ಇಲ್ಲದಿರುವುದರಿಂದ ಅದಕ್ಕೆ ಹುಟ್ಟಿನ ಉಪಕಾರ ಮಾಡುವುದು ಸಾಧ್ಯವಿಲ್ಲ ಎಂಬುದು ಖಂಡನೆಯ ತಿರುಳು. ಇದಕ್ಕೆ ಇನ್ನೊಂದು ಮಾತನ್ನು ಸೇರಿಸಬೇಕು: ಹುಟ್ಟಿಗೆ ಕಾರಣನಾದವನು ಹುಟ್ಟಿದವರ ಮೇಲೆ ಸಾವಿನ ಅಧಿಕಾರ ಪಡೆಯುತ್ತಾನೆಂಬ ತತ್ತ್ವವನ್ನು ಯಾವ ಸಮಾಜವೂ ತಂದೆತಾಯಂದಿರ ವಿಷಯದಲ್ಲಿ ಒಪ್ಪುವುದಿಲ್ಲ. ಜೀವ ಕೊಟ್ಟದ್ದರಿಂದ ಹುಟ್ಟುವುದು ಹೊಣೆಯೇ ಹೊರತು ಒಡೆತನವಲ್ಲ.

ನಂಬಿಕೆಯ ಪ್ರಶ್ನೆಯೂ ಇಲ್ಲಿದೆ. ಬರ್ಟ್ರಂಡ್ ರಸೆಲ್ 1912ರ ತನ್ನ ತತ್ತ್ವಶಾಸ್ತ್ರದ ಪುಸ್ತಕದಲ್ಲಿ, ದಿನವೂ ಕಾಳು ಹಾಕಿದವನೇ ಕೊನೆಗೊಂದು ದಿನ ಕತ್ತು ಮುರಿಯುವ ಕೋಳಿಯ ಉದಾಹರಣೆಯನ್ನು ತಂದದ್ದು, ಹಿಂದೆ ನಡೆದದ್ದು ಮುಂದೆಯೂ ನಡೆಯುತ್ತದೆಂಬ ಅನುಮಾನಪ್ರಮಾಣದ ಮಿತಿಯನ್ನು ತೋರಿಸಲು. ಜ್ಞಾನದ ದೃಷ್ಟಿಯಿಂದ ಅದು ಕೋಳಿಯ ತಪ್ಪು ಲೆಕ್ಕ. ನೀತಿಯ ದೃಷ್ಟಿಯಿಂದ ನೋಡಿದರೆ ಆ ನಿರೀಕ್ಷೆಯನ್ನು ಕೋಳಿಯಲ್ಲಿ ಬೆಳೆಸಿದವನು ಕಾಳು ಹಾಕಿದವನೇ. ಕಾಡುಕೋಳಿಯನ್ನು ಬೇಟೆಯಾಡುವವನು ಅದರ ಭಯವನ್ನು ಎದುರಿಸಬೇಕು. ಸಾಕಿದವನು ಕರೆದರೆ ಸಾಕು, ಕೋಳಿ ಅವನ ಬಳಿಗೆ ಓಡಿಬರುತ್ತದೆ. ಒಂದು ಕುಟುಕು ಕಂಡರೂ ಬಳಗವನ್ನು ಕರೆಯುವ ಕೋಳಿಯ ಗುಣವನ್ನು ಬಸವಣ್ಣನವರು ತಮ್ಮ ವಚನವೊಂದರಲ್ಲಿ ಭಕ್ತನ ಮುಂದೆ ಆದರ್ಶವಾಗಿ ಇಟ್ಟಿದ್ದಾರೆ. ತನ್ನವರನ್ನು ನಂಬಿಕೆಯಿಂದ ಕರೆಯುವ ಮತ್ತು ಕರೆದಾಗ ನಂಬಿಕೆಯಿಂದ ಬರುವ ಪಕ್ಷಿಯನ್ನು ಅದೇ ನಂಬಿಕೆಯ ಬಲದಿಂದ ಹಿಡಿಯುವುದರಲ್ಲಿ ಕೊಲೆಯ ಜೊತೆಗೆ ವಿಶ್ವಾಸಭಂಗವೂ ಸೇರಿಕೊಳ್ಳುತ್ತದೆ. ಆದ್ದರಿಂದ ಚೆನ್ನಾಗಿ ಸಾಕಿದ ಮಾತ್ರಕ್ಕೆ ಕೊಲ್ಲುವುದು ಹಗುರವಾಗುತ್ತದೆಂಬ ಎಣಿಕೆ ಸರಿಯಲ್ಲ. ಕೋಳಿಯ ಬಾಳು ಹಗುರವಾಗುತ್ತದೆ ಎಂಬುದು ನಿಜ, ಆದರೆ ಕೊಲ್ಲುವವನ ಹೊರೆ ಹೆಚ್ಚಾಗುತ್ತದೆ.

ಕನ್ನಡ ಸಾಹಿತ್ಯದಲ್ಲಿ ಈ ಹೊರೆಯನ್ನು ಬಹು ಗಾಢವಾಗಿ ಚಿಂತಿಸಿದ ಕಾವ್ಯ ಜನ್ನನ ಯಶೋಧರ ಚರಿತೆ. 1209ರಲ್ಲಿ ರಚಿತವಾದ ಈ ಜೈನಕಾವ್ಯದಲ್ಲಿ ಯಶೋಧರ ರಾಜನು ನಿಜವಾದ ಪ್ರಾಣಿಬಲಿಗೆ ಒಪ್ಪದೆ, ತಾಯಿ ಚಂದ್ರಮತಿಯ ಒತ್ತಾಯವನ್ನೂ ಮೀರಲಾರದೆ, ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಕೊಡುತ್ತಾನೆ. ಜೀವವಿಲ್ಲದ ಹಿಟ್ಟನ್ನು ಕತ್ತರಿಸಿದ್ದರೂ ಕೊಲ್ಲುವ ಸಂಕಲ್ಪ ಅಲ್ಲಿತ್ತಾದ್ದರಿಂದ ತಾಯಿಮಗ ಇಬ್ಬರೂ ನವಿಲು, ನಾಯಿ, ಮೀನು, ಮೊಸಳೆ, ಆಡು ಮೊದಲಾದ ಜನ್ಮಗಳಲ್ಲಿ ಬೆಂದು, ಕಡೆಗೆ ಕೋಳಿಗಳಾಗಿ ಹುಟ್ಟಿ, ಮುನಿಯ ಉಪದೇಶ ಕೇಳಿ ಹರ್ಷದಿಂದ ಕೂಗಿದಾಗ ಯಶೋಧರನ ಮಗನ ಶಬ್ದವೇಧಿ ಬಾಣಕ್ಕೆ ತುತ್ತಾಗುತ್ತಾರೆ. ಈ ಕಥೆಯನ್ನೇ ಆಧರಿಸಿ ಗಿರೀಶ ಕಾರ್ನಾಡರು ಹಿಟ್ಟಿನ ಹುಂಜ ನಾಟಕವನ್ನು ಬರೆದರು. ಹಿಟ್ಟಿನ ಕೋಳಿಗೇ ಇಷ್ಟು ದಂಡವೇ ಎಂದು ಓದುಗರಿಗೆ ಅನ್ನಿಸಬಹುದು. ಆದರೆ ಕಾವ್ಯದ ಗುರಿ ಹಿಟ್ಟಿನ ಮೇಲಿಲ್ಲ, ಮನಸ್ಸಿನ ಜಾಣತನದ ಮೇಲಿದೆ. ಎರಡು ಕಡೆಗೂ ಒಪ್ಪುವ ನಡುದಾರಿಯೊಂದನ್ನು ಕಂಡುಕೊಂಡೆನೆಂದು ಯಶೋಧರ ನಂಬಿದ್ದೇ ಅವನ ಪತನಕ್ಕೆ ಕಾರಣವಾಯಿತು. ಇಂದಿನ ಸುಸಜ್ಜಿತ ಗೂಡು, ಜವಾರಿ ಮೇವು, ನೋವಿಲ್ಲದ ಕೊಲೆ ಎಂಬ ಮಾತುಗಳು ಹಿಂಸೆಯನ್ನು ಕಡಿಮೆ ಮಾಡುವ ಪ್ರಯತ್ನಗಳಾಗಿರುವವರೆಗೆ ಗೌರವಾರ್ಹ. ಹಿಂಸೆಯೇ ನಡೆದಿಲ್ಲವೆಂಬ ಸಮಾಧಾನಕ್ಕೆ ಬಳಕೆಯಾದ ಕ್ಷಣ ಅವೂ ಹಿಟ್ಟಿನ ಕೋಳಿಗಳಾಗುತ್ತವೆ.

ಕೊಲ್ಲದೆ ಮೊಟ್ಟೆಯನ್ನಷ್ಟೇ ತೆಗೆದುಕೊಂಡರೆ ಸಾಲದೇ ಎಂಬ ದಾರಿಯನ್ನೂ ಪರಿಶೀಲಿಸಬೇಕು. ಹುಂಜದ ಸಂಗವಿಲ್ಲದೆ ಇಟ್ಟ ಮೊಟ್ಟೆಯಿಂದ ಮರಿಯಾಗುವುದಿಲ್ಲವಾದ್ದರಿಂದ, ಹಾಲು ಕುಡಿಯುವವರು ಅಂಥ ಮೊಟ್ಟೆಗೆ ಆಕ್ಷೇಪಿಸಬೇಕಾಗಿಲ್ಲವೆಂದು ಗಾಂಧೀಜಿಯವರು 1942ರಲ್ಲಿ ಆರೋಗ್ಯದ ಕುರಿತು ಬರೆದ ಪುಸ್ತಕದಲ್ಲಿ ಅಭಿಪ್ರಾಯಪಟ್ಟರು. ಮೊಟ್ಟೆಯೊಂದರ ಮಟ್ಟಿಗೆ ಈ ಮಾತು ಸರಿ. ಮೊಟ್ಟೆಯಿಡುವ ಕೋಳಿ ಎಲ್ಲಿಂದ ಬಂತೆಂದು ಕೇಳಿದಾಗ ಮಾತ್ರ ತೊಡಕು ಕಾಣುತ್ತದೆ. ಮರಿಗಳಲ್ಲಿ ಅರ್ಧದಷ್ಟು ಹುಂಜಗಳೇ ಆಗಿರುತ್ತವೆ. ದೊಡ್ಡ ಮರಿಕೇಂದ್ರಗಳಲ್ಲಿ ಮೊಟ್ಟೆಯ ತಳಿಯ ಗಂಡುಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವುದು ವಾಡಿಕೆಯಾಗಿದ್ದು, ಜರ್ಮನಿ 2022ರಿಂದ ಅದನ್ನು ನಿಷೇಧಿಸಿದೆ. ಹಿತ್ತಲಲ್ಲಿ ಹೇಟೆಯೇ ಕಾವು ಕೂತು ಮರಿ ಮಾಡಿದರೆ ಗಂಡುಮರಿಗಳೂ ಬೆಳೆಯುತ್ತವೆ; ಹತ್ತು ಹೇಟೆಗಳಿಗೆ ಒಂದು ಹುಂಜ ಸಾಕಾದ್ದರಿಂದ ಉಳಿದವು ಪರಸ್ಪರ ರಕ್ತ ಬರುವಂತೆ ಕಾದಾಡುತ್ತವೆ. ಅವುಗಳಿಗೆ ಬೇರೆ ಗೂಡು ಕಟ್ಟಿ ಆಯುಸ್ಸು ಮುಗಿಯುವವರೆಗೆ ಸಾಕುವವರು ಅಪರೂಪ. ಹೀಗೆ ಕೊಲೆಯ ಪ್ರಶ್ನೆ ಮೊಟ್ಟೆಯ ಹಿಂದೆಯೂ ಇದೆ, ಗಂಡುಕರುವಿನ ಗತಿಯನ್ನು ನೆನೆದರೆ ಹಾಲಿನ ಹಿಂದೆಯೂ ಇದೆ.

ಈ ಸಂಗತಿಯನ್ನು ಒಪ್ಪಿಕೊಂಡಾಗ, ಕೋಳಿ ತಿನ್ನುವವರನ್ನು ಕೀಳೆಂದು ಎಣಿಸುತ್ತ ಬಂದ ಜಾತಿಯ ಅಹಂಕಾರಕ್ಕೆ ಆಧಾರವಿಲ್ಲದಂತಾಗುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಭೂಮಿಯಿಲ್ಲದ ಕುಟುಂಬದ ಹೆಂಗಸಿಗೆ ನಾಲ್ಕು ಕೋಳಿಗಳೇ ಉಳಿತಾಯ. ಮಗುವಿನ ಔಷಧಿಗೆ, ಶಾಲೆಯ ಪುಸ್ತಕಕ್ಕೆ, ಮನೆಗೆ ಬಂದ ನೆಂಟರ ಮರ್ಯಾದೆಗೆ ಅವೇ ಒದಗಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಗಿರಿರಾಜ ತಳಿಯನ್ನು ಬೆಳೆಸಿದ್ದೂ ಇಂಥ ಹಿತ್ತಲ ಸಾಕಣೆಗೆ ನೆರವಾಗಲೆಂದೇ. ಅವಳ ಗೂಡಿನಲ್ಲಿ ನಡೆಯುವುದು ಹಿಂಸೆಯಲ್ಲವೆಂದು ಹೇಳಬೇಕಾಗಿಲ್ಲ, ಆದರೆ ಅವಳು ಆ ಹಿಂಸೆಯನ್ನು ಕಣ್ಣಾರೆ ಕಂಡು, ಕೋಳಿಯ ಗುರುತು ಸ್ವಭಾವಗಳನ್ನು ಬಲ್ಲವಳಾಗಿ, ಅಗತ್ಯಕ್ಕೆ ಮಾತ್ರ ಕೈಯಿಡುತ್ತಾಳೆ. ಸಾಲುಪಂಜರದ ಮೊಟ್ಟೆ ಬೆರೆಸಿದ ಕೇಕನ್ನು ತಿಂದು ಅವಳನ್ನು ಹಳಿಯುವವನ ಪಾಲಿನ ಹಿಂಸೆ ಅವಳದಕ್ಕಿಂತ ಹೆಚ್ಚಿನದಿರಬಹುದು. ಕೊಲ್ಲುವವನೊಬ್ಬನನ್ನೇ ಅಲ್ಲದೆ ಅನುಮತಿಸುವವನಿಂದ ತಿನ್ನುವವನವರೆಗೆ ಎಲ್ಲರನ್ನೂ ಘಾತಕರೆಂದು ಎಣಿಸುವ ಶ್ಲೋಕ ಮನುಸ್ಮೃತಿಯಲ್ಲಿಯೇ ಇದೆ; ಯಜ್ಞಕ್ಕಾಗಿ ಮಾಡುವ ವಧೆಗೆ ವಿನಾಯಿತಿ ಕೊಡುವ ಶ್ಲೋಕಗಳೂ ಅದೇ ಗ್ರಂಥದಲ್ಲಿವೆ. ಗ್ರಾಮದೇವತೆಗೆ ಹರಕೆಯ ಹುಂಜ ಬಿಡುವವರ ಮೇಲೆ 1959ರ ಪ್ರಾಣಿಬಲಿ ತಡೆ ಕಾಯಿದೆಯನ್ನು ತೋರಿಸುವ ಸಮಾಜ, ಪಂಜರದ ಉದ್ಯಮದ ಮುಂದೆ 1960ರ ಕಾಯಿದೆಯನ್ನು ಅಷ್ಟೇ ಗಟ್ಟಿಯಾಗಿ ಹಿಡಿಯದಿರುವುದು ನ್ಯಾಯವಲ್ಲ.

ಒಟ್ಟಿನಲ್ಲಿ ನಿರ್ಣಯ ಹೀಗಿದೆ. ಹಗಲು ತೆರೆದು ರಾತ್ರಿ ಮುಚ್ಚುವ, ದುರ್ಬಲ ಕೋಳಿಗೂ ಎಡೆಯಿರುವ, ಮುಂಗುಸಿಯನ್ನು ಕೊಲ್ಲದೆ ತಡೆಯುವ ಗೂಡು ಧರ್ಮಕ್ಕೆ ಒಪ್ಪುವ ಕಟ್ಟಡ. ಅದನ್ನು ಕಟ್ಟುವುದು ಸಾಕುವವನ ಮೊದಲ ಕರ್ತವ್ಯ. ಆ ಕರ್ತವ್ಯವನ್ನು ಪಾಲಿಸಿದ್ದು ಕೊಲ್ಲಲು ಪಡೆದ ಪರವಾನಗಿಯಲ್ಲ. ಕೊಲ್ಲದೆ ಬಾಳುವ ಅನುಕೂಲವುಳ್ಳವರು ಮೊಟ್ಟೆ ನಿಂತ ಹೇಟೆಯನ್ನೂ ಹೆಚ್ಚಾದ ಹುಂಜವನ್ನೂ ಕೊನೆಯವರೆಗೆ ಸಾಕಲಿ, ಅಷ್ಟು ಸಾಕಲಾರದಿದ್ದರೆ ಮರಿ ಮಾಡಿಸುವುದನ್ನು ಕಡಿಮೆ ಮಾಡಲಿ. ಆ ಅನುಕೂಲವಿಲ್ಲದವರು ಅಗತ್ಯಕ್ಕೆ ಮೀರಿ ಕೊಲ್ಲದಿರಲಿ, ಬೇರೆ ಕೋಳಿಗಳ ಕಣ್ಣೆದುರಿಗೆ ಕೊಲ್ಲದಿರಲಿ, ಹರಿತವಾದ ಕತ್ತಿಯಿಂದ ನೋವನ್ನು ಕ್ಷಣಕ್ಕೆ ಮುಗಿಸಲಿ. ಇಬ್ಬರೂ ತಾವು ಮಾಡುವುದಕ್ಕೆ ಅದರ ನಿಜವಾದ ಹೆಸರನ್ನೇ ಇಟ್ಟುಕೊಳ್ಳಲಿ. ಹಿತ್ತಲಲ್ಲಿ ಕೋಳಿ ಸಾಕಬೇಕೆಂದು ಹೊರಟವರು ಮರಿಗಳನ್ನು ತರುವ ಮೊದಲು ಗೂಡನ್ನು ಕಟ್ಟಿ ಮುಗಿಸಬೇಕು, ಗೂಡಿನ ಅಳತೆ ಹಾಕುವ ಮೊದಲು ಆ ಕೋಳಿಗಳ ಮುಪ್ಪಿನ ಬಗ್ಗೆ ತಮ್ಮ ತೀರ್ಮಾನವೇನೆಂದು ಮನೆಯವರೆಲ್ಲ ಕೂತು ಮಾತಾಡಬೇಕು.